ತೊಯ್ದ ಕಂಬಳಿಯ ತೂಕ

ಡಯಾಲಿಸಿಸ್ ಟೆಕ್ನಿಷಿಯನ್ ಆಗುವವನು ಮೊದಲು ಕಲಿಯಬೇಕಾದ ವಿದ್ಯೆ ಸುಮ್ಮನೆ ಕೂಡುವುದು. ರೋಗಿಯನ್ನು ಯಂತ್ರಕ್ಕೆ ಜೋಡಿಸಿದ ಮೇಲೆ ನಾಲ್ಕು ತಾಸು ಅವರ ಬಾಜೂಕೇ ಇದ್ದು ರಕ್ತದೊತ್ತಡ ನೋಡಬೇಕು, ಯಂತ್ರದ ಅಂಕಿ ಬರೆಯಬೇಕು, ಅವರ ಮುಖ ನೋಡುತ್ತಿರಬೇಕು. ನನಗೆ ನಾಲ್ಕು ನಿಮಿಷ ಕೂಡುವುದೇ ಕಷ್ಟ. ಬೆಳಗಾವಿಯ ವಡಗಾವಿಯಲ್ಲಿರುವ ನಮ್ಮ ಮನೆಯಲ್ಲಿ ಎರಡು ಮಗ್ಗ ಹಗಲೆಲ್ಲ ಕುಣಿಯುತ್ತವೆ. ಮೂರನೆಯ ಮಗ್ಗ ನಾನು ಅಂತ ಅಪ್ಪ ಹೇಳುತ್ತಾನೆ. ವ್ಯತ್ಯಾಸ ಇಷ್ಟೇ, ಆ ಎರಡರಿಂದ ಸೀರೆ ಬರುತ್ತದೆ.

ಪಾಠ ಬೆಳಗಾವಿಯಲ್ಲಿ, ಕೈಕೆಲಸ ಖಾನಾಪುರದಲ್ಲಿ. ಅಲ್ಲಿ ನಾಲ್ಕೇ ಯಂತ್ರಗಳ ಒಂದು ಸಣ್ಣ ಡಯಾಲಿಸಿಸ್ ಘಟಕಕ್ಕೆ ನನ್ನನ್ನು ಹಾಕಿದರು. ಬೆಳಗಿನ ಬಸ್ಸಿನಲ್ಲಿ ಕಿಟಕಿ ಮುಚ್ಚಿದರೂ ಮಳೆ ಒಳಗೆ ಬರುತ್ತಿತ್ತು. ನಾನು ಕೂತ ಸೀಟಿನಿಂದ ಎದ್ದು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗುತ್ತಿದ್ದೆ. "ಲೇ ತಮ್ಮಾ, ನೀ ನಡಕೊಂಡ ಹೋಗಿದ್ರೂ ಇಷ್ಟೊತ್ತಿಗೆ ಮುಟ್ಟತಿದ್ದಿ ನೋಡು" ಅಂತ ಕಂಡಕ್ಟರ್ ಒಮ್ಮೆ ಅಂದಿದ್ದ.

ಘಟಕದ ಹಿರಿಯ ಟೆಕ್ನಿಷಿಯನ್ ಒಬ್ಬ ಮುಸ್ಲಿಂ ಹೆಣ್ಣುಮಗಳು. ರೋಗಿಗಳಿಂದ ಹಿಡಿದು ಡಾಕ್ಟರ್‌ವರೆಗೆ ಎಲ್ಲರೂ ಅವರನ್ನು ಆಪಾ, ಅಂದರೆ ಅಕ್ಕ, ಅನ್ನುತ್ತಿದ್ದರು. ಮೊದಲ ದಿನವೇ ನನಗೆ ಪ್ರೈಮಿಂಗ್ ಕಲಿಸಿದರು. ಹೊಸ ಫಿಲ್ಟರಿಗೂ ನಳಿಕೆಗಳಿಗೂ ಸಲೈನ್ ತುಂಬಿ ಒಳಗಿನ ಗಾಳಿಯನ್ನೆಲ್ಲ ಹೊರಡಿಸುವ ಕೆಲಸ ಅದು. ಒಂದು ಗುಳ್ಳೆ ಉಳಿದು ರೋಗಿಯ ರಕ್ತಕ್ಕೆ ಹೋದರೂ ಅಪಾಯ. ಅದಕ್ಕೆ ಫಿಲ್ಟರನ್ನು ಅಂಗೈಯಿಂದ ಮೆಲ್ಲಗೆ ತಟ್ಟಬೇಕು. ನಾನು ಗಣಪತಿ ಮೆರವಣಿಗೆಯ ತಾಶೆ ಬಡಿದಂತೆ ಬಡಿದೆ. ಗುಳ್ಳೆ ಹೋದವು. ಆದರೆ ತುದಿಯ ಕ್ಲಿಪ್ ಹಾಕುವುದನ್ನು ಮರೆತಿದ್ದೆ. ಸಲೈನ್ ಮೊದಲು ನನ್ನ ಅಂಗಿಗೆ, ಆಮೇಲೆ ಆಪಾ ಅವರ ಕುರ್ಚಿಗೆ.

"ಅರೇ ಬೇಟಾ, ಹೊರಗ ಮಳಿ ಸಾಲದಾತೇನು?" ಅಂದರು ಆಪಾ.

ಇಂಥವನ್ನು ಹೇಳುತ್ತ ಹೋದರೆ ಮುಗಿಯುವುದಿಲ್ಲ. ನಗುವಂಥ ತಪ್ಪುಗಳನ್ನು ನಾನು ದಿನಕ್ಕೊಂದು ಮಾಡುತ್ತಿದ್ದೆ, ಎಲ್ಲರೂ ನಗುತ್ತಿದ್ದರು, ನನಗೂ ಅದೇ ಬೇಕಿತ್ತು. ನಗಲಾರದ ತಪ್ಪು ಒಂದೇ. ಅದು ಒಂದು ಕಂಬಳಿಯದು.

ನಂದಗಡದ ಹತ್ತಿರದ ಹಳ್ಳಿಯಿಂದ ಒಬ್ಬ ಕುರುಬರ ಅಜ್ಜ ವಾರಕ್ಕೆರಡು ಸಲ ಬರುತ್ತಿದ್ದ. ಜೊತೆಗೆ ಮಗಳು. ಹೆಗಲ ಮೇಲೆ ಕರಿ ಕಂಬಳಿ. ಅದನ್ನು ಕುರ್ಚಿಯ ಮೇಲೂ ಇಡುತ್ತಿರಲಿಲ್ಲ, ನೆಲದ ಮಾತಂತೂ ದೂರ. ಮೊದಲ ಸಲ ನಾನು "ಅಲ್ಲೇ ಒಗೀರಿ ಅಜ್ಜಾರ" ಅಂತ ಬಾಗಿಲು ಮೂಲೆ ತೋರಿಸಿದಾಗ ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಇದರ ಮ್ಯಾಲ ದೇವರ್ನ ಕುಂದರಸ್ತೀವೋ ತಮ್ಮಾ. ಚಪ್ಲಿ ಬಿಡೂ ಜಾಗಾದಾಗ ಒಗಿಯಾಕ ಇದೇನ ಗೋಣಿಚೀಲ ಅಲ್ಲ."

ಡಯಾಲಿಸಿಸ್ ಶುರುವಾಗುವುದೇ ತೂಕದ ಯಂತ್ರದಿಂದ. ಕಿಡ್ನಿ ಕೆಲಸ ನಿಲ್ಲಿಸಿದವರಿಗೆ ಕುಡಿದ ನೀರು ಹೊರಗೆ ಹೋಗುವುದಿಲ್ಲ, ಮೈಯಲ್ಲೇ ಕೂಡುತ್ತದೆ. ಹೆಚ್ಚಿನ ನೀರೆಲ್ಲ ಹೋದ ಮೇಲೆ ಇರಬೇಕಾದ ತೂಕ ಇಷ್ಟು ಅಂತ ಡಾಕ್ಟರ್ ಬರೆದಿಟ್ಟಿರುತ್ತಾರೆ, ಅದಕ್ಕೆ ಡ್ರೈ ವೇಟ್ ಅನ್ನುತ್ತಾರೆ. ಇಂದಿನ ತೂಕದಲ್ಲಿ ಅದನ್ನು ಕಳೆದರೆ ಎಷ್ಟು ನೀರು ಎಳೆಯಬೇಕು ಅಂತ ಗೊತ್ತಾಗುತ್ತದೆ. ಆ ಅಂಕಿಯನ್ನು ಯಂತ್ರಕ್ಕೆ ಕೊಟ್ಟರೆ ಯಂತ್ರ ಎಳೆಯುತ್ತದೆ. ಯಾರ ಮೈ, ಎಂಥ ಮೈ ಅಂತ ಅದು ಕೇಳುವುದಿಲ್ಲ.

ಅಜ್ಜ ತೂಕಕ್ಕೆ ನಿಂತಾಗ ಆಪಾ ಕಂಬಳಿಯನ್ನು ತಮ್ಮ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು. ಇದನ್ನು ನಾನು ಎಷ್ಟೋ ಸಲ ನೋಡಿದ್ದೆ. ಮರ್ಯಾದೆಗೆ ಹಿಡಿಯುತ್ತಾರೆ ಅಂದುಕೊಂಡಿದ್ದೆ.

ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ. ಮಳೆ ಬಿಟ್ಟಿರಲಿಲ್ಲ. ಆಪಾ ಹಿಂದಿನ ಕೋಣೆಯಲ್ಲಿ ನೀರು ಶುದ್ಧ ಮಾಡುವ ಘಟಕದ ಒತ್ತಡ ಇಳಿದಿದ್ದನ್ನು ನೋಡುತ್ತಿದ್ದರು. ಅಜ್ಜ ಬಂದ, ತೂಕದ ಯಂತ್ರ ಹತ್ತಿದ, ನಾನು ಅಂಕಿ ಓದಿದೆ. ಕಂಬಳಿ ಅಜ್ಜನ ಹೆಗಲ ಮೇಲೇ ಇತ್ತು. ಬಸ್‌ಸ್ಟ್ಯಾಂಡಿನಿಂದ ನಡೆದು ಬಂದು ತೊಪ್ಪನೆ ತೊಯ್ದಿತ್ತು.

ಆಪಾ ಬಂದವರೇ ನಾನು ಲೆಕ್ಕ ಹಾಕಿ ಬರೆದ ನೀರಿನ ಅಂಕಿ ನೋಡಿ ಹುಬ್ಬು ಏರಿಸಿದರು. "ಇಷ್ಟ್ಯಾಕ? ಯಾವಾಗ್ಲೂ ಇದರ ಅರ್ಧ ಇರ್ತೈತಿ."

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಅಮಾಸಿ ಹೋಳಿಗಿ ಆಪಾ! ಅಜ್ಜಾರು ಹೋಳಿಗಿ ತಿಂದಿಲ್ಲ, ಬುಟ್ಟೀನ ನುಂಗ್ಯಾರ."

ಮಗಳು ನಕ್ಕಳು. ಅಜ್ಜ ನಕ್ಕ. ಆಪಾ ಕೂಡ ನಕ್ಕು, "ಹಂಗಿದ್ರ ಪೂರಾ ತಗೀಬ್ಯಾಡ, ಒಂದೀಟು ಬಿಟ್ಟ ಹಾಕು" ಅನ್ನುವಷ್ಟರಲ್ಲಿ ಮೂಲೆಯ ಯಂತ್ರ ಕೂಗಿತು, ಅವರು ಅಲ್ಲಿಗೆ ಓಡಿದರು. ನಾನು ಒಂದೀಟು ಬಿಟ್ಟೆ. ಉಳಿದದ್ದನ್ನೆಲ್ಲ ಹಾಕಿದೆ. ಎರಡು ಲೀಟರ್ ಎಳೆಯಬೇಕಾದಲ್ಲಿ ನಾಲ್ಕು ಮೀರಿತ್ತು.

ಮೂರನೆಯ ತಾಸಿನಲ್ಲಿ ನಾನು ಅಜ್ಜನಿಗೆ ಜೋಕು ಹೇಳುತ್ತಿದ್ದೆ. ಅಜ್ಜ ಆಕಳಿಸಿದ. ಜೋಕು ಸಪ್ಪೆಯಾಯಿತು ಅಂದುಕೊಂಡು ಇನ್ನೊಂದು ಹೇಳಿದೆ. ಮತ್ತೆ ಆಕಳಿಸಿದ. ನನಗೆ ಅವಮಾನವಾಯಿತು. ನನ್ನ ಹತ್ತಿರ ಇದ್ದ ಎಲ್ಲಕ್ಕಿಂತ ಒಳ್ಳೆಯ ಜೋಕು ತೆಗೆದೆ, ಎದ್ದು ನಿಂತು ಕೈಕಾಲು ಆಡಿಸಿ ಅಭಿನಯ ಮಾಡತೊಡಗಿದೆ. ಅಜ್ಜ ದೊಡ್ಡದಾಗಿ ಬಾಯಿ ತೆರೆದ. ಹಣೆಯ ತುಂಬ ಬೆವರಿತ್ತು. ಮೀನಖಂಡ ಹಿಡಿದುಕೊಂಡು "ಯವ್ವಾ" ಅಂದ. ಕಣ್ಣು ಮೇಲೆ ಹೋದವು.

ರಕ್ತದೊತ್ತಡ ಇಳಿಯುವಾಗ ರೋಗಿ ಮೊದಲು ಆಕಳಿಸುತ್ತಾನೆ ಅಂತ ಬೆಳಗಾವಿಯ ಕ್ಲಾಸಿನಲ್ಲಿ ಹೇಳಿದ್ದರು. ಆ ಪ್ರಶ್ನೆಗೆ ನನಗೆ ಪೂರ್ತಿ ಅಂಕ ಬಂದಿತ್ತು.

ಆಪಾ ಎಲ್ಲಿಂದ ಬಂದರೋ. ಮಂಚದ ತಲೆ ಕಡೆ ಇಳಿಸಿದರು, ಕಾಲ ಕಡೆ ಎತ್ತಿದರು, ನೀರು ಎಳೆಯುವುದನ್ನು ನಿಲ್ಲಿಸಿದರು, ಸಲೈನ್ ಬಿಟ್ಟರು. "ಅಜ್ಜಾ, ಕಣ್ಣ ತಗೀರಿ. ನನ್ನ ಕಡೆ ನೋಡ್ರಿ. ಇಲ್ನೋಡ್ರಿ." ಮಗಳು ಅಜ್ಜನ ಪಾದ ಹಿಡಿದು ತಿಕ್ಕುತ್ತಿದ್ದಳು. ನಾನು ಅಭಿನಯಕ್ಕೆ ಎತ್ತಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅಜ್ಜನ ತುಟಿಗೆ ಬಣ್ಣ ಬಂತು. "ಯಾಂವ ನನ್ನ ಹಿಂಡಿದಾಂವಾ?" ಅಂದ.

ಮಂಚದ ಕಾಲ ಬಳಿ ಕಂಬಿಗೆ ಹಾಕಿದ್ದ ಕಂಬಳಿಯಿಂದ ನೀರು ಇಳಿದು ನೆಲದಲ್ಲಿ ಸಣ್ಣ ಮಡುವಾಗಿತ್ತು. ಆಪಾ ಅದನ್ನೇ ನೋಡಿದರು. ಕಂಬಳಿ ಎತ್ತಿಕೊಂಡು ಹೋಗಿ ತೂಕದ ಯಂತ್ರಕ್ಕೆ ಇಟ್ಟರು, ಅಂಕಿ ನೋಡಿದರು, ತಂದು ನನ್ನ ಕೈಗೆ ಕೊಟ್ಟರು. ಬೈಯಲಿಲ್ಲ.

"ಹಿಡಿ. ಇದರಾಗಿನ ನೀರು ನೀ ಅಜ್ಜನ ರಕ್ತದಾಗಿಂದ ತಗದಿ."

ಅವತ್ತು ಸಂಜೆ ಮನೆಯಲ್ಲಿ ಯಾರೂ ಕೇಳದಿದ್ದರೂ ಹೇಳಿಬಿಟ್ಟೆ. ಅಪ್ಪ ಮಗ್ಗ ನಿಲ್ಲಿಸಿದ. ಊಟಕ್ಕೆ ಕರೆದರೂ ಮಗ್ಗ ನಿಲ್ಲಿಸದ ಮನುಷ್ಯ.

"ಮಳಿಗಾಲದಾಗ ನೂಲ ತೂಗಿ ತಗೋವಾಗ ಏನ್ ನೋಡ್ತೀವೋ?"

"ತ್ಯಾವ."

"ನೂಲಿಗಿ ನೋಡಾಕ ಬರ್ತೈತಿ, ಮನಷಾಗ ನೋಡಾಕ ಬರೂದಿಲ್ಲಾ?" ಅಂದು ಮತ್ತೆ ಮಗ್ಗ ಶುರು ಮಾಡಿದ. ಅವ್ವ ತಟ್ಟೆ ಇಟ್ಟಳು. ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ, ನಾಲ್ಕು ತಿಂದೆ. ಆದರೆ ಒಂದೂ ಮಾತಾಡಲಿಲ್ಲ. ಅವ್ವ ಹೆದರಿ ಹಣೆ ಮುಟ್ಟಿ ನೋಡಿದಳು.

ಮರುದಿನ ಆಪಾ ತೀರ್ಪು ಕೊಟ್ಟರು. ಇನ್ನು ಮೇಲೆ ಯಂತ್ರ ಮುಟ್ಟುವ ಹಾಗಿಲ್ಲ, ತೂಕದ ಕೆಲಸ ಮಾತ್ರ. ಎಲ್ಲಿಯವರೆಗೆ ಅಂತ ಕೇಳಿದೆ. "ನನಗ ನಿದ್ದಿ ಬರೂತನಕ" ಅಂದರು.

ಇದರಲ್ಲಿ ನನ್ನ ಸರ್ಟಿಫಿಕೇಟೂ ಸಿಕ್ಕಿಹಾಕಿಕೊಂಡಿತ್ತು. ಕೊನೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಬ್ಬ ರೋಗಿಯನ್ನು ತೂಕ ಹಾಕುವುದರಿಂದ ಹಿಡಿದು, ಸೂಜಿ ಚುಚ್ಚಿ, ಡಯಾಲಿಸಿಸ್ ಮುಗಿಸಿ, ನಳಿಕೆಯಲ್ಲಿರುವ ರಕ್ತವನ್ನೆಲ್ಲ ಮರಳಿ ಮೈಗೆ ಕಳಿಸಿ, ಸೂಜಿ ತೆಗೆದು ಪಟ್ಟಿ ಹಾಕುವವರೆಗೆ ಪರೀಕ್ಷಕರ ಎದುರು ಒಬ್ಬನೇ ಮಾಡಬೇಕು. ಅದಕ್ಕೆ ಆಪಾ ಒಪ್ಪಿಗೆ ಬೇಕು. ಅದಕ್ಕಿಂತ ಮೊದಲು, ನನಗೆ ಕೈ ಕೊಡಲು ಒಬ್ಬ ರೋಗಿ ಒಪ್ಪಬೇಕು.

ಖಾನಾಪುರದ ಒಬ್ಬ ನಿವೃತ್ತ ಮರಾಠಿ ಮಾಸ್ತರರನ್ನು ಕೇಳಿದೆ. ಎರಡೂ ಕೈ ಮುಗಿದು "ನಕೋ ರೇ ಬಾಬಾ" ಅಂದರು. ಕಣಕುಂಬಿಯಿಂದ ಬರುವ ಒಬ್ಬ ಅಕ್ಕನನ್ನು ಕೇಳಿದೆ. "ನನ್ನೂ ಒಗದ ಅರಬಿಗತೆ ಹಿಂಡಿ ಹಗ್ಗದ ಮ್ಯಾಲ ಹಾಕಾಂವೇನು?" ಅಂದಳು. ಇಡೀ ಘಟಕ ನಕ್ಕಿತು. ನಾನೂ ನಕ್ಕೆ, ಆದರೆ ಯಾಕೋ ಬೇಗ ಮುಗಿಯಿತು.

ಮಳೆಗಾಲವೆಲ್ಲ ತೂಕದ ಯಂತ್ರದ ಪಕ್ಕದಲ್ಲಿ ನಿಂತೆ. ಅಲ್ಲಿ ನಿಂತ ಮೇಲೆ ಗೊತ್ತಾಯಿತು, ಮನುಷ್ಯರು ತಾವೊಬ್ಬರೇ ಯಂತ್ರ ಹತ್ತುವುದಿಲ್ಲ. ಮಾಸ್ತರರು ಮೊಳಕೈಗೆ ಛತ್ರಿ ತಗುಲಿಸಿಕೊಂಡೇ ಹತ್ತುತ್ತಿದ್ದರು. ಕಣಕುಂಬಿ ಅಕ್ಕನ ಸೀರೆ ಮಡಿಲಲ್ಲಿ ಎಲೆ ಅಡಿಕೆ ಚೀಲ, ಬೀಗದ ಗೊಂಚಲು. ಇನ್ನೊಬ್ಬರು ಎರಡು ಸ್ವೆಟರ್ ಹಾಕಿಕೊಂಡು ಬಂದು ಬೇಸಿಗೆಯಲ್ಲಿ ಇಷ್ಟೇ ಇದ್ದೆ ಅಂತ ಜಗಳಕ್ಕೆ ನಿಲ್ಲುತ್ತಿದ್ದರು. ನಾನು ಎಲ್ಲರನ್ನೂ ದೇವಸ್ಥಾನದ ಪೂಜಾರಿಯ ಹಾಗೆ ಬಾಗಿಲಲ್ಲೇ ತಡೆದು ಇಳಿಸುತ್ತಿದ್ದೆ. ಛತ್ರಿ ಇಳಿಸ್ರಿ, ಚಪ್ಪಲಿ ಬಿಡ್ರಿ, ಮಡಿಲು ಬಿಚ್ಚ್ರಿ.

ಕಂಬಳಿಗೆ ಮಾತ್ರ ಜಾಗ ಇರಲಿಲ್ಲ. ಮನೆಯಿಂದ ಮಗ್ಗದ ಹಳೆಯ ಕಟ್ಟಿಗೆಯ ತುಂಡು ತಂದು, ತೂಕದ ಯಂತ್ರದ ಪಕ್ಕದ ಗೋಡೆಗೆ, ಚಪ್ಪಲಿ ಸಾಲಿನಿಂದ ದೂರ, ಎತ್ತರದಲ್ಲಿ ಒಂದು ಗೂಟ ಹೊಡೆದೆ. ಗೂಟ ಒಂದು, ಗೋಡೆಗೆ ಬಿದ್ದ ತೂತು ಮೂರು, ನನ್ನ ಹೆಬ್ಬೆರಳಿನ ಉಗುರು ಕಪ್ಪು. ಅಜ್ಜ ಬಂದು ಅದನ್ನು ಬಹಳ ಹೊತ್ತು ನೋಡಿದ.

"ಯಾಂವ ಬಡದಾನ ಇದನ?"

"ನಾನ್ರಿ ಅಜ್ಜಾರ."

"ಡೊಂಕ ಐತಿ" ಅಂದ. ಕಂಬಳಿಯನ್ನು ಮಡಚಿ ಅದಕ್ಕೆ ಹಾಕಿ ತೂಕದ ಯಂತ್ರ ಹತ್ತಿದ.

ಪರೀಕ್ಷೆ ಹತ್ತಿರ ಬಂದಾಗ ಅಜ್ಜನನ್ನು ಕೇಳುವ ಮುಖ ನನಗಿರಲಿಲ್ಲ. ಅವನೇ ಒಂದು ದಿನ ತೋಳು ಚಾಚಿದ. "ಪರೀಕ್ಷಾಕ ಕೈ ಬೇಕಂತಲ್ಲ ನಿನಗ. ತಗೋ."

ಮಗಳು ಹೌಹಾರಿದಳು. "ಯಪ್ಪಾ, ಬ್ಯಾಡ! ಆವತ್ತ ಏನಾತು ಮರತೀ ಏನ?"

"ನೀ ಸುಮ್ಮನಿರವಾ. ಒಮ್ಮಿ ಕುರಿ ಕಳಕೊಂಡ ನಾಯಿ ಮುಂದ ನಿದ್ದಿ ಮಾಡಂಗಿಲ್ಲ."

ನನ್ನನ್ನು ನಾಯಿ ಅಂದದ್ದಕ್ಕೆ ಅಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ. ಆಪಾ ಕೂಡ ಅಂದಿನಿಂದ ಯಂತ್ರ ಮುಟ್ಟಲು ಬಿಟ್ಟರು, ನನ್ನ ಕೈ ಮೇಲೆ ತಮ್ಮ ಕೈ ಇಟ್ಟುಕೊಂಡು.

ಅಜ್ಜನ ಎಡಗೈಯಲ್ಲಿ ಆಪರೇಷನ್ ಮಾಡಿ ಎರಡು ರಕ್ತನಾಳ ಕೂಡಿಸಿದ್ದರು. ಅದಕ್ಕೆ ಫಿಸ್ಟುಲಾ ಅನ್ನುತ್ತಾರೆ. ಎರಡು ಸೂಜಿ ಹೋಗುವುದು ಅಲ್ಲೇ, ಒಂದರಿಂದ ರಕ್ತ ಯಂತ್ರಕ್ಕೆ, ಇನ್ನೊಂದರಿಂದ ಮರಳಿ ಮೈಗೆ. ಬೆರಳಿಟ್ಟರೆ ಒಳಗೆ ಒಂದು ನಡುಕ ತಿಳಿಯುತ್ತದೆ. ನಡೆಯುವ ಮಗ್ಗದ ಮರದ ಮೇಲೆ ಅಂಗೈ ಇಟ್ಟ ಹಾಗೆ. ನಾನು ಅದನ್ನು ಹುಟ್ಟಿದಾಗಿನಿಂದ ಬಲ್ಲೆ. ಆದರೂ ಮೊದಲ ಸಲ ಸೂಜಿ ಹಿಡಿದಾಗ ಕಣ್ಣು ಮುಚ್ಚಿದೆ.

"ನೀ ಕಣ್ಣ ತಗದ ಚುಚ್ಚೋ ಮಗನ" ಅಂದ ಅಜ್ಜ. "ನಾ ಮುಚ್ಚಿಕೊಂಡೀನಿ."

ಪರೀಕ್ಷೆಯ ದಿನ. ಬಸ್ಸಿನಲ್ಲಿ ಕೂಡಲಾಗದೆ ಬೆಳಗಾವಿಯಿಂದ ಖಾನಾಪುರದವರೆಗೂ ನಿಂತೇ ಬಂದೆ. ಪರೀಕ್ಷಕರು ಹೊರಗಿನವರು, ಇಸ್ತ್ರಿ ಮುರಿಯದ ಅಂಗಿಯವರು. ಮಧ್ಯಾಹ್ನದ ಮೇಲೆ ಅವರಿಗೆ ಬೆಳಗಾವಿಯಲ್ಲಿ ಇನ್ನೊಂದು ತಂಡದ ಪರೀಕ್ಷೆ ಇತ್ತು, ಅದಕ್ಕೇ ಬೇಗ ಶುರು ಮಾಡಿ ಅಂದರು. ಆಪಾ ಗೋಡೆಗೆ ನಿಲ್ಲಬೇಕು, ಬಾಯಿ ತೆರೆಯಬಾರದು.

ಅಜ್ಜನಿಗೆ ಎರಡು ವಾರದಿಂದ ಜ್ವರ ಬಂದು ಹೋಗಿ ಮಾಡುತ್ತಿತ್ತು. ಅವತ್ತು ಜ್ವರ ಇರಲಿಲ್ಲ. ಕಂಬಳಿ ಗೂಟಕ್ಕೆ ಹೋಯಿತು, ಅಜ್ಜ ಯಂತ್ರ ಹತ್ತಿದ. ಡ್ರೈ ವೇಟಿಗಿಂತ ಸ್ವಲ್ಪವೇ ಹೆಚ್ಚು.

"ಭಾಳ ಛಲೋ" ಅಂದರು ಪರೀಕ್ಷಕರು. "ಸರಳ ಕೇಸ್ ಸಿಕ್ಕೈತಿ ನಿಮಗ. ಎಷ್ಟು ನೀರು ಎಳೀಬೇಕು ಆ ಗೋಲ್ ಹಾಕ್ರಿ, ಶುರು ಮಾಡ್ರಿ."

ನನಗೂ ಹಾಗೇ ಅನಿಸಿತು. ಕುಣಿಯಬೇಕು ಅನಿಸಿತು. ಅಜ್ಜ ಚಪ್ಪಲಿ ಬಿಟ್ಟ ಕಡೆ ಕಣ್ಣು ಹೋಯಿತು. ಬರುವಾಗಲೇ ಅವನ ಚಪ್ಪಲಿಯ ಪಟ್ಟಿ ಬಿಚ್ಚಿತ್ತು. ಪಟ್ಟಿ ಬಿಗಿದೇ ನಡೆಯುವ ಮನುಷ್ಯ. ಪಾದ ನೋಡಿದೆ, ಉಬ್ಬಿದ್ದವು. ಮೊಳಕಾಲ ಕೆಳಗೆ ಹೆಬ್ಬೆರಳು ಒತ್ತಿದೆ, ಕಣಕದಲ್ಲಿ ಬೆರಳಿಟ್ಟ ಹಾಗೆ ಗುಳಿ ಉಳಿಯಿತು. ಮಂಚದ ಮೇಲೆ ಮಲಗಿಸಿದರೆ ಕೆಮ್ಮಿ ಎದ್ದು ಕೂತು, "ತಲಿಗಿಂಬ ಎತ್ತರ ಮಾಡೋ" ಅಂದ. ಧೋತರ ಸರಿ ಮಾಡಿಕೊಳ್ಳುವಾಗ ಅವನ ಉಡದಾರ ಕಂಡಿತು. ಸೊಂಟಕ್ಕೆ ಕಚ್ಚಿಕೊಂಡಿರುತ್ತಿದ್ದ ದಾರ ಈಗ ಜೋತು ಬಿದ್ದು ಒಂದು ಮುಷ್ಟಿ ಹೋಗುವಷ್ಟು ಸಡಿಲಾಗಿತ್ತು.

"ಊಟ ಹೆಂಗೈತಿ ಅಕ್ಕಾ?" ಅಂತ ಮಗಳನ್ನು ಕೇಳಿದೆ.

"ಎಲ್ಲಿ ಊಟೋ ತಮ್ಮಾ. ರೊಟ್ಟಿ ಮುಟ್ಟಿಲ್ಲ. ಬರೇ ಗಂಜಿ, ಅದೂ ಎರಡ ಗುಟುಕ."

ಆವಾಗ ಗೊತ್ತಾಯಿತು. ಅಜ್ಜನ ಮೈಯ ಮಾಂಸ ಕರಗಿತ್ತು. ಕರಗಿದ ಜಾಗದಲ್ಲಿ ನೀರು ಬಂದು ಕೂತಿತ್ತು. ಅದು ಹೋದಷ್ಟೇ ಇದು ಬಂದಿತ್ತು. ತೂಕದ ಯಂತ್ರಕ್ಕೆ ಎರಡೂ ಒಂದೇ. ಆವತ್ತು ಮೈಯಲ್ಲಿ ಇಲ್ಲದ ನೀರನ್ನು ಇದೆ ಅಂದಿತ್ತು, ಇವತ್ತು ಇರುವ ನೀರನ್ನು ಇಲ್ಲ ಅನ್ನುತ್ತಿತ್ತು. ಚಾರ್ಟಿನ ಪ್ರಕಾರ ಸ್ವಲ್ಪ ಎಳೆದು ಮನೆಗೆ ಕಳಿಸಿದರೆ ಉಳಿದ ನೀರು ಎದೆಗೆ ಏರುತ್ತದೆ. ಡ್ರೈ ವೇಟ್ ಬದಲಿಸುವುದು ಡಾಕ್ಟರ್ ಕೆಲಸ, ನನ್ನದಲ್ಲ. ಡಾಕ್ಟರ್ ಪಕ್ಕದ ಕಟ್ಟಡದಲ್ಲಿ ಹೊರರೋಗಿಗಳ ಗದ್ದಲದಲ್ಲಿದ್ದರು.

"ಸರ್, ಡಾಕ್ಟರ್ ಬಂದು ನೋಡೂತನಕ ನಿಲ್ಲೂಣ್ರಿ" ಅಂದೆ.

ಪರೀಕ್ಷಕರು ಗಡಿಯಾರ ನೋಡಿದರು. "ತೂಕ ಬರೋಬ್ಬರಿ ಐತೆಲ್ರಿ?"

"ತೂಕ ಬರೋಬ್ಬರಿ ಐತ್ರಿ. ಅಜ್ಜಾರು ಬರೋಬ್ಬರಿ ಇಲ್ರಿ."

"ನೋಡ್ರಿ, ನೀವು ಟೆಕ್ನಿಷಿಯನ್ ಆಗಾಕ ಬಂದೀರಿ, ಡಾಕ್ಟರ್ ಆಗಾಕ ಅಲ್ಲ. ತಡಾ ಆದ್ರ ಕೊನೀ ಭಾಗ ನಾ ನೋಡಾಕ ಆಗೂದಿಲ್ಲ. ನೋಡಲಾರದ್ದಕ್ಕ ಸಹಿ ಮಾಡೂದಿಲ್ಲ. ವಿಚಾರ ಮಾಡ್ರಿ."

ವಿಚಾರ ಮಾಡಿದೆ. ಮತ್ತೊಂದು ಪರೀಕ್ಷೆ ಯಾವಾಗಲೋ. ಅಪ್ಪನಿಗೆ ಏನು ಹೇಳುವುದು. ಚಾರ್ಟಿನಲ್ಲಿದ್ದದ್ದನ್ನೇ ಹಾಕಿದರೆ ತಪ್ಪು ನನ್ನದಾಗುವುದಿಲ್ಲ ಅಂತಲೂ ಹೊಳೆಯಿತು. ಅದು ಹೊಳೆದದ್ದಕ್ಕೇ ಹೆದರಿಕೆಯಾಯಿತು. ಅಜ್ಜ ಕೆಮ್ಮುತ್ತ ನನ್ನ ಮುಖವನ್ನೇ ನೋಡುತ್ತಿದ್ದ. ಆಪಾ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಹಗ್ಗ ಮಾಡಿದ್ದರು.

"ಫೇಲ್ ಮಾಡ್ರಿ ಸರ್. ಈ ಅಂಕಿ ಮಾತ್ರ ನಾ ಹಾಕಂಗಿಲ್ಲ" ಅಂದು ಓಡಿದೆ. ಬೇರೆಯವರಾಗಿದ್ದರೆ ನಡೆದು ಹೋಗುತ್ತಿದ್ದರು. ನಾನು ಬಕೆಟ್ ಎಡವಿ, ವರಾಂಡವೆಲ್ಲ ನೀರು ಮಾಡಿ, ಹೊರರೋಗಿಗಳ ಸಾಲು ದಾಟಿ, "ಏ, ನಂಬರ್ ಐತಿ!" ಅಂತ ಬೈಸಿಕೊಂಡು ಡಾಕ್ಟರ್ ಮುಂದೆ ನಿಂತೆ. ಕೈಯಲ್ಲಿದ್ದ ರೋಗಿಯನ್ನು ನೋಡಿ ಬರುತ್ತೇನೆ ಅಂದರು. ಆ ಕಾಯುವಿಕೆ ಇದೆಯಲ್ಲ, ಡಯಾಲಿಸಿಸ್ಸಿನ ನಾಲ್ಕು ತಾಸು ಅದರ ಮುಂದೆ ಏನೂ ಅಲ್ಲ.

ಡಾಕ್ಟರ್ ಬಂದರು. ಅಜ್ಜನ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಬೆಳಗಾವಿಯ ಕಿಡ್ನಿ ಡಾಕ್ಟರಿಗೆ ಫೋನ್ ಮಾಡಿದರು. ಹಳೆಯ ಡ್ರೈ ವೇಟ್ ಹೊಡೆದುಹಾಕಿ ಕಡಿಮೆ ಬರೆದರು. ಒಂದೇ ಸಲ ಎಳೆಯುವುದು ಬೇಡ, ಇವತ್ತು ಇಷ್ಟು, ನಾಳೆ ಮತ್ತೆ ಬರಲಿ ಅಂದರು. ಹೋಗುವಾಗ "ಯಾರು ನೋಡಿದ್ರಿ ಇದನ್ನ?" ಅಂದರು. ನಾನು ಅಭ್ಯಾಸಬಲದಿಂದ "ನಾನಲ್ರೀ" ಅಂದುಬಿಟ್ಟೆ. ನನ್ನನ್ನು ಯಾರಾದರೂ ಯಾರು ಅಂತ ಕೇಳುವುದು ಬೈಯುವುದಕ್ಕೇ ತಾನೆ.

ಆಮೇಲೆ ಫಿಸ್ಟುಲಾದ ಮೇಲೆ ಬೆರಳಿಟ್ಟೆ. ಮಗ್ಗ ನಡೆಯುತ್ತಿತ್ತು. ಎರಡೂ ಸೂಜಿ ಒಂದೇ ಸಲಕ್ಕೆ ಹೋದವು. ಕಣ್ಣು ತೆರೆದೇ ಇದ್ದೆ. ಪರೀಕ್ಷಕರು ಮೂರು ತಾಸು ಕೂತು ನೋಡಿದರು, ಆಮೇಲೆ ಎದ್ದರು. "ಮುಗಿಸೂದು ನೋಡಿಲ್ಲ. ಮುಂದಿನ ಸರ್ತಿ" ಅಂದರು, ಹೋದರು. ಕೊನೆಯ ಭಾಗವನ್ನು ಸರ್ಟಿಫಿಕೇಟಿನ ಆಸೆಯಿಲ್ಲದೆ ಮಾಡಿದೆ. ಸೂಜಿ ತೆಗೆದ ಜಾಗ ಒತ್ತಿ ಹಿಡಿದು ನಿಂತಾಗ ಅಜ್ಜ ಚಪ್ಪಟೆಯಾಗಿ ಮಲಗಿದ್ದ. ಕೆಮ್ಮಿರಲಿಲ್ಲ.

"ಬಾಯಿ ಮುಚ್ಚಕೊಂಡ ನಿಂತ ನಿಂತ ಹಲ್ಲ ನೋಯಾಕತ್ಯಾವ" ಅಂದರು ಆಪಾ. "ಇನ್ನೊಂದ ಮಿನಿಟ್ ನೀ ಸುಮ್ಮನಿದ್ದಿದ್ರ ನಾನ ಒದರತಿದ್ದೆ. ಇಬ್ಬರೂ ಫೇಲ್ ಆಗತಿದ್ವಿ."

ಮುಂದಿನ ಸರ್ತಿ ಬರುವಷ್ಟರಲ್ಲಿ ಮಳೆ ನಿಂತು ಥಂಡಿ ಬಿದ್ದಿತ್ತು. ಆ ಪರೀಕ್ಷೆಯ ಸರ್ಟಿಫಿಕೇಟ್ ಈಗ ವಡಗಾವಿಯ ಗೋಡೆಯ ಮೇಲಿದೆ. ಅಪ್ಪ ಲ್ಯಾಮಿನೇಷನ್ ಮಾಡಿಸಿದ್ದಾನೆ, ಸರಿಯಾಗಿ ನನ್ನ ಹೆಸರಿನ ಮೇಲೆ ಒಂದು ಗಾಳಿ ಗುಳ್ಳೆ ಉಳಿದಿದೆ. ಎಷ್ಟು ತಟ್ಟಿದರೂ ಹೋಗಲೊಲ್ಲದು.

ಆದರೆ ನನಗೆ ನೆನಪಿರುವುದು ಆ ಎರಡನೆಯ ಪರೀಕ್ಷೆಯ ಬೆಳಗು. ಅದೇ ಪರೀಕ್ಷಕರು, ಅದೇ ಇಸ್ತ್ರಿ ಅಂಗಿ. ಆಪಾ ಗೋಡೆಗೆ. ಅಜ್ಜ ಬಂದ, ಪಟ್ಟಿ ಬಿಚ್ಚಿ ಚಪ್ಪಲಿ ಬಿಟ್ಟ. ರೊಟ್ಟಿ ತಿನ್ನತೊಡಗಿದ್ದ, ಕೆನ್ನೆ ಸ್ವಲ್ಪ ತುಂಬಿದ್ದವು. ಹೆಗಲಿನಿಂದ ಕಂಬಳಿ ತೆಗೆದು ಗೂಟದ ಕಡೆ ಹೋಗಲಿಲ್ಲ. ನನ್ನ ಮುಂದೆ ಬಂದು ನಿಂತ.

"ಹಿಡಿ."

"ಗೂಟ ಐತೆಲ್ರಿ ಅಜ್ಜಾರ."

"ಗೂಟಕ್ಕ ಕಣ್ಣಿಲ್ಲೋ. ಹಿಡಿ."

ಎರಡೂ ಕೈ ಚಾಚಿದೆ. ಕಂಬಳಿ ಒಣಗಿತ್ತು, ಆದರೂ ಭಾರವಿತ್ತು. ಅಜ್ಜ ತೂಕದ ಯಂತ್ರ ಹತ್ತಿ ನಿಂತ. ಅಂಕಿ ಓಡಿ ಓಡಿ ನಿಲ್ಲುವವರೆಗೆ ಅಲುಗಾಡಬಾರದು. ಕಂಬಳಿಯ ಉಣ್ಣೆ ನನ್ನ ಮುಂಗೈಗೆ, ಕುತ್ತಿಗೆಗೆ ಚುಚ್ಚಿ ಮೈಯೆಲ್ಲ ತುರಿಸತೊಡಗಿತು. ನಾನೂ ಅಲುಗಾಡಲಿಲ್ಲ.